ಬ್ಲಫ್ ಸೀಮೆಯ ಹಾಲಿನ ಪರೀಕ್ಷೆ

ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಿಂದ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಸುತ್ತಲ ಹಳ್ಳಿಗಳ ಹಾಲನ್ನು ತಂಪಾಗಿಡಲು ಕರೆಂಟು ಸಿಗುವುದಕ್ಕೆ ಮಾತ್ರ ದಶಕಗಳೇ ಬೇಕಾದವು. ಅಲ್ಲಿಯವರೆಗೆ ಹಾಲು ಕಾಯಿಸುವುದೊಂದೇ ರಕ್ಷಣೆ. ಅದೇನೂ ಸಣ್ಣ ರಕ್ಷಣೆಯಲ್ಲ. ಹಸಿ ಹಾಲಿಗೆ ಬ್ರುಸೆಲ್ಲಾ, ಸಾಲ್ಮೊನೆಲ್ಲಾದಂಥ ರೋಗಕಾರಕ ಬ್ಯಾಕ್ಟೀರಿಯಾಗಳು ಸೇರಬಹುದು: ರೋಗ ತಗುಲಿದ ಹಸುವಿನಿಂದ, ಸಗಣಿಯಿಂದ, ಕರೆಯುವವರ ಕೈಯಿಂದ, ಸರಿಯಾಗಿ ತೊಳೆಯದ ಕ್ಯಾನಿನಿಂದ. ಕುದಿಸಿದರೆ ಅವು ಸಾಯುತ್ತವೆ.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಹುಟ್ಟಿತು. 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಮಳವಳ್ಳಿ ಸೇರಿದ ಮಂಡ್ಯ ಜಿಲ್ಲೆಯ ಹಾಲು ಒಕ್ಕೂಟದ ಡೇರಿ ಇರುವುದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ.

ಡೇರಿಗಳಲ್ಲಿ ಬಹುಕಾಲ ನಡೆದುಬಂದದ್ದು ಮೆಥಿಲೀನ್ ಬ್ಲೂ ಪರೀಕ್ಷೆ. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ನೀಲಿ ದ್ರಾವಣ ಬೆರೆಸಿ, ಕೊಳವೆಯನ್ನು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಡುತ್ತಾರೆ. ಬ್ಯಾಕ್ಟೀರಿಯಾಗಳು ಹಾಲಿನ ಆಮ್ಲಜನಕ ತೀರಿಸಿದಂತೆ ಬಣ್ಣ ಅಳಿಯುತ್ತದೆ. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಹಾಲು ಕಳಪೆ. ಐದು ಗಂಟೆ ದಾಟಿದರೆ ಬಹಳ ಒಳ್ಳೆಯದು. ಯಾವ ಬ್ಯಾಕ್ಟೀರಿಯಾ ಎಂಬುದು ಇದರಿಂದ ತಿಳಿಯದು. ಅದಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು, ದಿನಗಳೇ ಹಿಡಿಯುತ್ತವೆ. ಆದ್ದರಿಂದಲೇ ಪಾಶ್ಚರೀಕರಣಕ್ಕೆ ಅಷ್ಟು ಮಹತ್ವ: 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ, ಕೂಡಲೇ ತಂಪು ಮಾಡುತ್ತಾರೆ. ಆಮೇಲೂ ಹಾಲಿನಲ್ಲಿ ಫಾಸ್ಫಟೇಸ್ ಕಿಣ್ವ ಕಂಡರೆ, ಕಾಯಿಸಿದ್ದು ಸಾಲದು ಅಥವಾ ಹಸಿ ಹಾಲು ಬೆರೆತಿದೆ ಎಂದೇ ಅರ್ಥ.