ಮೂರು ಮೊರೆಗಳು

ಮೈಸೂರಿನ ವಾದ್ಯವೃಂದಕ್ಕೆ ಮನಸೋತ ನನ್ನಂಥವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ: ಒಂದು ಹಾಡು ನುಡಿಯುತ್ತಿರುವಾಗಲೇ ಅದರ ಬೆನ್ನಿಗೆ ಇನ್ನೊಂದು ಕೇಳಿಸುತ್ತದೆ. ಹಿಂದೆ ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದ, ಇಂಗ್ಲಿಷ್ ಬ್ಯಾಂಡು ಎಂದು ಎರಡಿದ್ದವು. ಈಗ ಅವು ಪೊಲೀಸ್ ಇಲಾಖೆಗೆ ಸೇರಿವೆ. ಈ ವಾದ್ಯಗಳಲ್ಲಿ ಸಂಸ್ಥಾನದ ಗೀತೆಯಾದ ‘ಕಾಯೌ ಶ್ರೀಗೌರಿ’ ನುಡಿದಾಗಲೆಲ್ಲ ನನಗೆ ಬೇರೆ ಎರಡು ಹಾಡುಗಳು ಕೇಳಿಸುತ್ತವೆ. ನಮ್ಮ ಗೀತೆ ಇಂಗ್ಲಿಷರ ರಾಜಗೀತೆಯ ಅನುಕರಣೆಯಷ್ಟೆ ಎಂದು ಹೇಳುವವರುಂಟು. ಆ ಮಾತನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ.

ಮೊದಲನೆಯದು ‘ಗಾಡ್ ಸೇವ್ ದಿ ಕಿಂಗ್’. 1745ರಲ್ಲಿ ಸ್ಟುವರ್ಟ್ ಮನೆತನದ ರಾಜಕುಮಾರನೊಬ್ಬನು ದಂಡು ಕಟ್ಟಿ ಎರಡನೆಯ ಜಾರ್ಜನ ಸಿಂಹಾಸನವನ್ನು ಅಲುಗಿಸಿದಾಗ, ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿ ಅದನ್ನು ಹಾಡಿದರು. ದೊರೆ ಉಳಿಯುವನೋ ಇಲ್ಲವೋ ಎಂಬ ದಿಗಿಲಿನ ಮೊರೆ ಅದು.

ಆ ಧಾಟಿ ಕಂಪನಿಯವರ ಬ್ಯಾಂಡಿನೊಡನೆ ಮದರಾಸಿಗೆ ಬಂದಿತು. ಮುತ್ತುಸ್ವಾಮಿ ದೀಕ್ಷಿತರು (1775–1835) ಬ್ಯಾಂಡಿನಲ್ಲಿ ಕೇಳಿದ ಇಂಥ ಮಟ್ಟುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಅವೇ ನೊಟ್ಟುಸ್ವರಗಳು, ಇಂಗ್ಲಿಷಿನ ‘ನೋಟ್’ ಇಲ್ಲಿ ‘ನೊಟ್ಟು’ ಆಗಿದೆ. ಅವುಗಳಲ್ಲೊಂದಾದ ‘ಸಂತತಂ ಪಾಹಿ ಮಾಂ’ ಇಂಗ್ಲಿಷರ ರಾಜಗೀತೆಯ ಧಾಟಿಯದೇ. ದೀಕ್ಷಿತರು ಸ್ವರವನ್ನು ಒಳಕ್ಕೆ ಕರೆದು ದೊರೆಯನ್ನು ಬಾಗಿಲಲ್ಲೇ ಬಿಟ್ಟರು. ಕಾಯಬೇಕಾದವಳು ಸಂಗೀತದ ದೇವತೆ ಶ್ಯಾಮಲೆ. ರಕ್ಷಣೆ ಬೇಡುವವನು ಹಾಡುವವನೇ.

ಮೂರನೆಯದು ನಮ್ಮದು. ಅದನ್ನು ರಚಿಸಿದ ಬಸವಪ್ಪಶಾಸ್ತ್ರಿಗಳು (1843–1891) ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದವರು. ಅವರು ಹಿಡಿದದ್ದು ದೀಕ್ಷಿತರಿಗೆ ಎದುರು ದಾರಿ: ಇಂಗ್ಲಿಷ್ ಧಾಟಿಯನ್ನು ಬಿಟ್ಟರು, ಮೊರೆಯನ್ನು ಉಳಿಸಿಕೊಂಡರು. ‘ಕಾಯ್’ ಎಂಬುದು ಅಚ್ಚಗನ್ನಡ ಧಾತು. ಕಾಪು, ಕಾವಲು, ಕಾಪಾಡು ಎಲ್ಲವೂ ಅದರ ಮಕ್ಕಳು.

ಮೈಸೂರಿಗೆ ಆ ಮೊರೆ ಬರಿಯ ಶಿಷ್ಟಾಚಾರವಾಗಿರಲಿಲ್ಲ. 1831ರಲ್ಲಿ ಕಂಪನಿಯವರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡಿದ್ದರು. 1865ರಲ್ಲಿ ಅವರು ದತ್ತು ತೆಗೆದುಕೊಂಡ ಬಾಲಕನಿಗೆ ರಾಜ್ಯ ಸಲ್ಲುವುದೇ ಎಂಬ ಪ್ರಶ್ನೆ ಕೂಡಲೇ ತೀರಲಿಲ್ಲ. ಆ ಬಾಲಕ, ಎಂದರೆ ಹತ್ತನೆಯ ಚಾಮರಾಜ ಒಡೆಯರು, ಆಡಳಿತವನ್ನು ಮರಳಿ ಪಡೆದದ್ದು 1881ರಲ್ಲಿ. ಐವತ್ತು ವರ್ಷ ನಾಡು ಅರಸನಿದ್ದೂ ಅರಸನಿಲ್ಲದಂತಿತ್ತು. ಲಂಡನ್ನಿನ ಜನ ಬಂಡಾಯಗಾರರಿಗೆ ಅಂಜಿ ಮೊರೆಯಿಟ್ಟರು. ಮೈಸೂರಿನವರು ಅಂಜಬೇಕಾಗಿದ್ದುದು ಆ ಹಾಡನ್ನು ತಂದವರಿಗೇ. ಶಾಸ್ತ್ರಿಗಳ ಪದಗಳಲ್ಲಿ ಈ ಮಾತಿಲ್ಲ. ಅವರು ಕಂಡ ಕಾಲದಲ್ಲಿ ಇತ್ತು. ಅನುಕರಣೆ ಎಂದು ತಳ್ಳಿಹಾಕುವವರು ಇದನ್ನು ನೆನೆಯಬೇಕು.

ಈಗ ದೊರೆತನವಿಲ್ಲ. ಅರಸರು ಕುಳಿತು ಸಾಗುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಇಂದು ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತದೆ. ರಕ್ಷಣೆ ಪಡೆಯುತ್ತಿದ್ದವರ ಪೀಠದಲ್ಲಿ ರಕ್ಷಿಸುವವಳೇ ಕುಳಿತಿದ್ದಾಳೆ. ಆದರೂ ದಸರೆಯ ಖಾಸಗಿ ದರ್ಬಾರಿನಲ್ಲಿ ವಾದ್ಯವೃಂದ ಆ ಗೀತೆಯನ್ನು ನುಡಿಸುವುದುಂಟು. ಹಾಡಿನಲ್ಲಿ ದೊರೆ ನಿಂತಿದ್ದ ಎಡೆಯಲ್ಲಿ ಈಗ, ದೀಕ್ಷಿತರ ಹಾಡಿನಲ್ಲಿರುವಂತೆ, ಕೇಳುವ ನಾವೇ ನಿಂತಿದ್ದೇವೆಂದು ನನಗೆ ತೋರುತ್ತದೆ.