ಹೊಸ್ತಿಲು ಮತ್ತು ಹೊಸಬರು: ಮುಕ್ತ ತಂತ್ರಾಂಶ ಸಮುದಾಯಗಳ ಪ್ರವೇಶಾಚರಣೆಯ ಚಾರಿತ್ರಿಕ ಅವಲೋಕನ

ಯಾವುದೇ ಸಮುದಾಯವು ತನ್ನೊಳಗೆ ಬರುವ ಹೊಸಬರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದು ಆ ಸಮುದಾಯದ ಮೌಲ್ಯವ್ಯವಸ್ಥೆಯನ್ನು ಅರಿಯಲು ದೊರೆಯುವ ಮುಖ್ಯ ಆಕರಗಳಲ್ಲಿ ಒಂದು. ಅರ್ನಾಲ್ಡ್ ವಾನ್ ಜೆನೆಪ್ ಅವರು 1909ರಲ್ಲಿ ಪ್ರಕಟಿಸಿದ ಸಂಕ್ರಮಣಾಚರಣೆಗಳ ಕುರಿತ ಗ್ರಂಥದಲ್ಲಿ ಇಂತಹ ಪ್ರವೇಶಕ್ಕೆ ಅಗಲಿಕೆ, ಹೊಸ್ತಿಲ ಸ್ಥಿತಿ ಹಾಗೂ ಸೇರ್ಪಡೆ ಎಂಬ ಮೂರು ಹಂತಗಳನ್ನು ಗುರುತಿಸಿದ್ದಾರೆ. ಹುಟ್ಟು, ಮದುವೆ, ದೀಕ್ಷೆ, ವೃತ್ತಿಪ್ರವೇಶ ಮೊದಲಾದವುಗಳ ವಿವೇಚನೆಗೆ ಜಾನಪದ ಅಧ್ಯಯನವು ಈ ಚೌಕಟ್ಟನ್ನು ಬಳಸುತ್ತ ಬಂದಿದೆ. ಒಂದೂರಿನಲ್ಲಿ ನೆಲೆಸದೆ, ಅನೇಕ ವೇಳೆ ಪರಸ್ಪರ ಮುಖವನ್ನೂ ನೋಡದೆ, ಅಂತರಜಾಲದ ಮೂಲಕ ಕೂಡಿ ದುಡಿಯುವ ಮುಕ್ತ ತಂತ್ರಾಂಶ ಸಮುದಾಯಗಳಿಗೂ ಈ ಚೌಕಟ್ಟು ಹೊಂದುತ್ತದೆ.

ತಂತ್ರಾಂಶದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಈ ಸಮುದಾಯಗಳ ಮೂಲತತ್ತ್ವ. ಆದರೆ ಸಂಕೇತ ಮುಕ್ತವಾಗಿದ್ದ ಮಾತ್ರಕ್ಕೆ ಸಮುದಾಯದ ಬಾಗಿಲು ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲ. ಈ ಅಂತರವನ್ನು ತುಂಬಲು ನಡೆದ ಪ್ರಯತ್ನಗಳನ್ನು ಡೆಬಿಯನ್ ಯೋಜನೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಲಿಖಿತ ಕಟ್ಟಳೆಗಳ ಕಾಲ

ಗಣಕತಜ್ಞರ ಬಳಗಗಳಿಗೆ ತಮ್ಮದೇ ಆದ ನುಡಿಗಟ್ಟು, ನಗೆಮಾತು ಹಾಗೂ ಐತಿಹ್ಯಗಳ ಪರಂಪರೆಯಿದೆ. 1975ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಫೆಲ್ ಫಿಂಕೆಲ್ ಅವರು ಆರಂಭಿಸಿದ ‘ಜಾರ್ಗನ್ ಫೈಲ್’ ಎಂಬ ಪದಸಂಗ್ರಹವು ಈ ಪರಂಪರೆಯ ಪ್ರಮುಖ ದಾಖಲೆ. ಅನನುಭವಿಯನ್ನು ಸೂಚಿಸುವ ‘ನ್ಯೂಬಿ’ ಎಂಬ ಪದವೂ, ಕೈಪಿಡಿಯನ್ನು ಓದಿಕೊಂಡು ಬಾ ಎಂಬರ್ಥದ, ಬೈಗುಳ ಬೆರೆತ ಸಂಕ್ಷೇಪವೊಂದೂ ಇಂತಹ ಬಳಗಗಳಲ್ಲಿ ಸಾಮಾನ್ಯವಾಗಿದ್ದವು. ಪ್ರಶ್ನೆ ಕೇಳುವುದಕ್ಕೆ ಮುನ್ನ ಸ್ವತಃ ಹುಡುಕಬೇಕು, ಬೈಸಿಕೊಂಡರೂ ನಿಲ್ಲಬೇಕು ಎಂಬುದು ಎಲ್ಲಿಯೂ ಬರೆದಿಡದ ಕಟ್ಟಳೆಯಾಗಿತ್ತು. ಕಲಿಯುವ ಹೊರೆಯೆಲ್ಲವೂ ಹೊಸಬರ ಮೇಲಿತ್ತು.

ಮೌಖಿಕ ರೂಪದ ಇಂತಹ ಶಿಕ್ಷಣಕ್ಕೆ ಒಂದು ಮಿತಿಯಿದೆ. ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು. ಹಳಬರು ಕೆಲವು ವಾರಗಳಲ್ಲಿ ಅವರಿಗೆ ರೀತಿನೀತಿ ಕಲಿಸುತ್ತಿದ್ದರು. 1993ರಿಂದೀಚೆಗೆ ವಾಣಿಜ್ಯ ಸಂಸ್ಥೆಗಳ ಮೂಲಕ ಜನರು ನಿರಂತರವಾಗಿ ಬರತೊಡಗಿದಾಗ ಕಲಿಸುವವರು ಸೋತರು. ಆ ಕಾಲಕ್ಕೆ ‘ಮುಗಿಯದ ಸೆಪ್ಟೆಂಬರ್’ ಎಂಬ ಹೆಸರೇ ನಿಂತಿತು. ಹಳಬರ ಬಾಯಲ್ಲಿ ಇದು ಅವನತಿಯ ಐತಿಹ್ಯವಾಗಿ ಉಳಿದಿದೆ. ವಾಸ್ತವವಾಗಿ, ಬಾಯಿಮಾತಿನಿಂದಲೇ ಸಾಗುತ್ತಿದ್ದ ಪರಂಪರೆಯು ಬರಹಕ್ಕೆ ಇಳಿಯಬೇಕಾದ ಘಟ್ಟವನ್ನು ಅದು ಸೂಚಿಸುತ್ತದೆ.

ಡೆಬಿಯನ್: ಮುಚ್ಚಿ ತೆರೆದ ಬಾಗಿಲು

ಇಯಾನ್ ಮರ್ಡಾಕ್ ಅವರು ಡೆಬಿಯನ್ ಯೋಜನೆಯನ್ನು ಪ್ರಕಟಿಸಿದ್ದು ಅದೇ 1993ರ ಆಗಸ್ಟ್ 16ರಂದು. ಲಿನಕ್ಸ್ ಆಧಾರಿತ ಸಂಪೂರ್ಣ ವ್ಯವಸ್ಥೆಯೊಂದನ್ನು ಸ್ವಯಂಸೇವಕರೇ ಕಟ್ಟಬೇಕೆಂಬುದು ಅದರ ಆಶಯ. 1997ರಲ್ಲಿ ‘ಸಾಮಾಜಿಕ ಒಪ್ಪಂದ’, 1998ರಲ್ಲಿ ಸಂವಿಧಾನ ರೂಪುಗೊಂಡವು. ಆರಂಭದ ವರ್ಷಗಳಲ್ಲಿ ಸೇರ್ಪಡೆ ಸರಳವಾಗಿತ್ತು. ಸದಸ್ಯರ ಸಂಖ್ಯೆ ಹೆಚ್ಚಿದಂತೆ ಯಾರನ್ನು ನಂಬಬೇಕೆಂಬ ಪ್ರಶ್ನೆ ಎದ್ದಿತು. ಒಬ್ಬ ಸದಸ್ಯನು ಸೇರಿಸುವ ಪ್ಯಾಕೇಜು ಅಸಂಖ್ಯ ಗಣಕಗಳನ್ನು ತಲುಪುವುದರಿಂದ ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಾಗಿರಲಿಲ್ಲ. 1999ರಲ್ಲಿ ಹೊಸಬರ ಸೇರ್ಪಡೆಯನ್ನೇ ನಿಲ್ಲಿಸಲಾಯಿತು. 2000ದಲ್ಲಿ ಬಾಗಿಲು ಪುನಃ ತೆರೆದಾಗ ವಿಧಿಬದ್ಧವಾದ ಪ್ರವೇಶಕ್ರಮವೊಂದು ಸಿದ್ಧವಾಗಿತ್ತು.

ಈ ಕ್ರಮದ ಪ್ರಕಾರ ಹಳೆಯ ಸದಸ್ಯರೊಬ್ಬರು ಅಭ್ಯರ್ಥಿಯ ಪರವಾಗಿ ನಿಲ್ಲಬೇಕು. ಅಭ್ಯರ್ಥಿಯ ಗೂಢಲಿಪಿ ಕೀಲಿಗೆ ಸದಸ್ಯರೊಬ್ಬರು, ಸಾಮಾನ್ಯವಾಗಿ ಮುಖಾಮುಖಿ ಭೇಟಿಯಲ್ಲಿ ಗುರುತಿನ ಪತ್ರವನ್ನು ಪರಿಶೀಲಿಸಿ, ಸಹಿ ಹಾಕಬೇಕು. ಅನಂತರ ತತ್ತ್ವ ಹಾಗೂ ಕಾರ್ಯವಿಧಾನಗಳ ಬಗೆಗಿನ ಪ್ರಶ್ನೋತ್ತರ, ಕೊನೆಗೆ ಕೌಶಲದ ಪರೀಕ್ಷೆ. ಮಾನವಶಾಸ್ತ್ರಜ್ಞೆ ಗೇಬ್ರಿಯೆಲಾ ಕೋಲ್ಮನ್ ಅವರು ತಮ್ಮ ‘ಕೋಡಿಂಗ್ ಫ್ರೀಡಂ’ ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಅಭ್ಯರ್ಥಿಯು ಬರೆಯುವ ದೀರ್ಘ ಉತ್ತರಗಳ ಮೂಲಕ ಸಮುದಾಯದ ನೀತಿಯನ್ನು ತನ್ನದಾಗಿಸಿಕೊಳ್ಳುತ್ತಾನೆ ಎಂಬ ಅಂಶ ಅಲ್ಲಿ ಸ್ಪಷ್ಟವಾಗುತ್ತದೆ. ಸಾಂಪ್ರದಾಯಿಕ ದೀಕ್ಷಾವಿಧಿಗಳಲ್ಲಿ ಕಾಣುವುದೂ ಇದನ್ನೇ.

ಆದರೆ ಗಮನಾರ್ಹ ಭೇದವೊಂದಿದೆ. ಸಾಂಪ್ರದಾಯಿಕ ದೀಕ್ಷೆಯಲ್ಲಿ ಹೊಸ್ತಿಲ ಸ್ಥಿತಿಗೆ ಗೊತ್ತಾದ ಅವಧಿಯಿದೆ, ಕೈಹಿಡಿದು ನಡೆಸುವ ಹಿರಿಯರಿದ್ದಾರೆ. ಇಲ್ಲಿ ಅವಧಿಗೆ ಮಿತಿಯಿರಲಿಲ್ಲ. ಪರಿಶೀಲಿಸುವವರೂ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರಾದುದರಿಂದ ಅಭ್ಯರ್ಥಿಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಯಬೇಕಾಯಿತು. ಸದಸ್ಯರು ವಿರಳವಾಗಿದ್ದ ಪ್ರದೇಶಗಳವರಿಗೆ ಒಂದು ಸಹಿಯನ್ನು ಪಡೆಯುವುದೇ ದುಸ್ತರವಾಗಿತ್ತು. ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂದು ಆರಂಭವಾಗಿ, ಮುಂದೆ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ 2012ರವರೆಗೆ ನಡೆದ ಸಮ್ಮೇಳನಗಳ ಮಹತ್ತ್ವವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಜಾಲದಲ್ಲಿ ಕೇವಲ ಹೆಸರಾಗಿದ್ದವರು ಪರಸ್ಪರ ಭೇಟಿಯಾಗಲು ಅವು ಅವಕಾಶ ಕಲ್ಪಿಸಿದವು.

ಹೊರಗುಳಿದವರ ಪ್ರಶ್ನೆ

ಬಾಗಿಲಿಗೆ ಬಂದವರನ್ನು ಪರೀಕ್ಷಿಸುವುದು ಒಂದು ವಿಷಯ, ಬಾಗಿಲಿಗೇ ಬಾರದವರು ಯಾರೆಂದು ಕೇಳುವುದು ಇನ್ನೊಂದು. ಎರಡನೆಯ ಪ್ರಶ್ನೆಯನ್ನು 2004ರಲ್ಲಿ ಹುಟ್ಟಿದ ‘ಡೆಬಿಯನ್ ವಿಮೆನ್’ ಬಳಗವು ಎತ್ತಿಕೊಂಡಿತು. 2006ರಲ್ಲಿ ಗ್ನೋಮ್ ಯೋಜನೆಯ ಅನುಭವ ಇದಕ್ಕೆ ಪುಷ್ಟಿ ನೀಡಿತು. ಗೂಗಲ್ ಸಂಸ್ಥೆಯ ಬೇಸಿಗೆ ಶಿಬಿರಕ್ಕಾಗಿ ಗ್ನೋಮ್‌ಗೆ ಬಂದ 181 ಅರ್ಜಿಗಳಲ್ಲಿ ಮಹಿಳೆಯರದು ಒಂದೂ ಇರಲಿಲ್ಲ. ಮಹಿಳೆಯರನ್ನೇ ಉದ್ದೇಶಿಸಿ ಪ್ರತ್ಯೇಕ ಆಹ್ವಾನ ಹೊರಟಾಗ ನೂರರಷ್ಟು ಅರ್ಜಿಗಳು ಬಂದವು. ಆಸಕ್ತಿಯ ಕೊರತೆಯೆಂದು ಭಾವಿಸಿದ್ದು ಆಹ್ವಾನದ ಕೊರತೆಯಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. 2010ರಲ್ಲಿ ಪುನರಾರಂಭಗೊಂಡ ಈ ಕಾರ್ಯಕ್ರಮವು 2015ರಲ್ಲಿ ‘ಔಟ್‌ರೀಚಿ’ ಎಂಬ ಹೆಸರು ಪಡೆದು ಇತರ ಅಂಚಿನ ವರ್ಗಗಳಿಗೂ ವಿಸ್ತರಿಸಿತು. ಗೌರವಧನ, ನಿಯತ ಅವಧಿ ಮತ್ತು ಮಾರ್ಗದರ್ಶಕರು ಅದರ ಮೂರು ಆಧಾರಗಳು.

ಮೆಟ್ಟಿಲುಗಳ ರಚನೆ

ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರ 1991ರ ಅಧ್ಯಯನದಲ್ಲಿ ಲೈಬೀರಿಯಾದ ದರ್ಜಿಗಳ ನಿದರ್ಶನವಿದೆ. ಅಲ್ಲಿ ಶಿಷ್ಯನು ಮೊದಲು ಗುಂಡಿ ಹಚ್ಚುವುದು, ಅಂಚು ಮಡಿಚಿ ಹೊಲಿಯುವುದನ್ನು ಕಲಿಯುತ್ತಾನೆ, ಅನಂತರ ಹೊಲಿಗೆ, ಕೊನೆಗೆ ಬಟ್ಟೆ ಕತ್ತರಿಸುವುದು. ಉಡುಪು ಸಿದ್ಧವಾಗುವ ಕ್ರಮಕ್ಕೆ ಇದು ತಿರುವುಮುರುವು. ಗುಂಡಿ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹಾಳು. ಹೀಗೆ ಸಣ್ಣದಾದರೂ ನಿಜವಾದ ಕೆಲಸದಿಂದ ತೊಡಗಿ ಒಳಗೆ ಸಾಗುವುದನ್ನು ಈ ವಿದ್ವಾಂಸರು ಅಂಚಿನಿಂದ ನಡೆಯುವ ಅಧಿಕೃತ ಭಾಗವಹಿಸುವಿಕೆ ಎಂದು ಕರೆದರು.

ಡೆಬಿಯನ್ ಕೂಡ ಕ್ರಮೇಣ ಇಂತಹ ಮೆಟ್ಟಿಲುಗಳನ್ನು ಕಟ್ಟಿಕೊಂಡಿತು. ನಿರ್ದಿಷ್ಟ ಪ್ಯಾಕೇಜುಗಳಿಗೆ ಮಾತ್ರ ಅಧಿಕಾರವುಳ್ಳ ‘ಡೆಬಿಯನ್ ನಿರ್ವಾಹಕ’ ಸ್ಥಾನವನ್ನು 2007ರ ಮತದಾನವು ಅಂಗೀಕರಿಸಿತು. ಪ್ಯಾಕೇಜು ಕಟ್ಟದ ಅನುವಾದಕರು, ದಾಖಲೆ ಬರೆಯುವವರೂ ಪೂರ್ಣ ಸದಸ್ಯರಾಗಬಹುದೆಂದು 2010ರಲ್ಲಿ ನಿರ್ಣಯವಾಯಿತು. ಕನ್ನಡದ ದೃಷ್ಟಿಯಿಂದ ಇದು ಮಹತ್ತ್ವದ್ದು. ಗ್ನೋಮ್, ಕೆಡಿಇ ಮೊದಲಾದ ತಂತ್ರಾಂಶಗಳು ಕನ್ನಡದಲ್ಲಿ ಮಾತನಾಡುವಂತಾದುದು ಅನುವಾದಕರಿಂದ. ಅವರ ದುಡಿಮೆಗೆ ಮತಾಧಿಕಾರದ ಮಾನ್ಯತೆ ದೊರೆತದ್ದು ಸಮುದಾಯದ ಸ್ವರೂಪವನ್ನೇ ವಿಸ್ತರಿಸಿತು.

ವರ್ತನೆಯ ಕಟ್ಟಳೆಗಳೂ ಈ ಅವಧಿಯಲ್ಲಿ ಬರಹಕ್ಕಿಳಿದವು. ಡೆಬಿಯನ್ 2014ರಲ್ಲಿ ನಡತೆಯ ಸಂಹಿತೆಯನ್ನು ಸ್ವೀಕರಿಸಿತು. ಕಟುವಾದ ಮಾತಿಗೆ ಹೆಸರಾಗಿದ್ದ ಲಿನಕ್ಸ್ ಕರ್ನೆಲ್ ಬಳಗವೂ 2018ರ ಸೆಪ್ಟೆಂಬರ್‌ನಲ್ಲಿ ಅದೇ ಹಾದಿ ಹಿಡಿಯಿತು. ಅದರ ನಾಯಕ ಲೈನಸ್ ಟೋರ್ವಾಲ್ಡ್ಸ್ ಅವರು ತಮ್ಮ ವರ್ತನೆಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು.

ಆತಿಥ್ಯ ಮತ್ತು ನಂಬಿಕೆ

ಆತಿಥ್ಯವೇ ಅಪಾಯವಾಗದೆ ಎಂಬ ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದಲ್ಲಿ ಹುದುಗಿಸಿದ್ದ ಕಳ್ಳಬಾಗಿಲನ್ನು ಪತ್ತೆ ಹಚ್ಚಿದರು. ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಬಂದ ಹೊಸಬರೊಬ್ಬರು ಎರಡು ವರ್ಷಗಳಿಗೂ ಮಿಕ್ಕಿ ದುಡಿದು ನಂಬಿಕೆ ಗಳಿಸಿ ಅದನ್ನು ಸೇರಿಸಿದ್ದರು. ದೋಷಯುಕ್ತ ಆವೃತ್ತಿಯು ಡೆಬಿಯನ್‌ನ ಪರೀಕ್ಷಾ ಶಾಖೆಯವರೆಗೂ ಬಂದಿತ್ತು, ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಈ ಪ್ರಕರಣವನ್ನು ಬಾಗಿಲು ಮುಚ್ಚಲು ಪುರಾವೆಯೆಂದು ಓದುವುದು ಸುಲಭ. ಆದರೆ ಅದು ಸಾಧ್ಯವಾದುದು ಜಗತ್ತೆಲ್ಲ ಅವಲಂಬಿಸಿದ್ದ ತಂತ್ರಾಂಶವನ್ನು ದಣಿದ ಸ್ವಯಂಸೇವಕರೊಬ್ಬರೇ ಹೊತ್ತಿದ್ದುದರಿಂದ. ಹೊಸಬರು ಬಾರದ ಮನೆಯಲ್ಲಿ ಹಳಬರು ಒಂಟಿಯಾಗುತ್ತಾರೆ, ಒಂಟಿಯಾದವರು ಮೊದಲು ಬಂದ ಕೈಯನ್ನೇ ಹಿಡಿಯಬೇಕಾಗುತ್ತದೆ.

ಒಟ್ಟಿನಲ್ಲಿ, ಮುಕ್ತ ತಂತ್ರಾಂಶ ಸಮುದಾಯಗಳ ಮೂರು ದಶಕಗಳ ಚರಿತ್ರೆಯು ಹೊಸ್ತಿಲನ್ನು ಕಿತ್ತುಹಾಕಿದ ಚರಿತ್ರೆಯಲ್ಲ. ಹೊಸ್ತಿಲ ಬಳಿ ಒಬ್ಬರನ್ನು ನಿಲ್ಲಿಸಬೇಕೆಂದು ನಿಧಾನವಾಗಿ ಕಲಿತ ಚರಿತ್ರೆ. ಪರೀಕ್ಷೆ ಉಳಿಯಿತು, ಆದರೆ ಕಲಿಸುವ ಹೊರೆಯ ಒಂದು ಪಾಲನ್ನು ಹಳಬರು ವಹಿಸಿಕೊಂಡರು. ದೀಕ್ಷಾವಿಧಿಗಳಿರುವ ಸಮುದಾಯಗಳು ಬಹುಕಾಲದಿಂದ ಬಲ್ಲ ಈ ವಿವೇಕವನ್ನು ಗಣಕಯುಗದ ಬಳಗಗಳು ಪುನಃ ಕಂಡುಕೊಳ್ಳಬೇಕಾಯಿತು ಎಂಬುದು ಜಾನಪದ ಅಧ್ಯಯನಕ್ಕೆ ಹೊಸ ಕ್ಷೇತ್ರವೊಂದನ್ನು ತೋರಿಸಿಕೊಡುತ್ತದೆ.