ಕಳಲೆಯ ಅರಸುಮನೆತನ: ಪಟ್ಟವಿಲ್ಲದ ಪ್ರಭುತ್ವ

ಕಳಲೆ ಎಂಬುದು ಈಗ ನಂಜನಗೂಡು ತಾಲ್ಲೂಕಿಗೆ ಸೇರಿದ ಒಂದು ಗ್ರಾಮ. ಲಕ್ಷ್ಮೀಕಾಂತಸ್ವಾಮಿಯ ದೇವಾಲಯವನ್ನು ಅರಸಿ ಹೋಗುವ ಯಾತ್ರಿಕರನ್ನು ಬಿಟ್ಟರೆ ಹೊರಗಿನವರು ಅಲ್ಲಿಗೆ ಹೋಗುವುದು ಅಪೂರ್ವ. ಆದರೂ ಈ ಗ್ರಾಮದ ಹೆಸರನ್ನು ತನ್ನ ಹೆಸರಿಗೆ ಕೂಡಿಸಿಕೊಂಡಿದ್ದ ಮನೆತನವೊಂದು ಹದಿನೆಂಟನೆಯ ಶತಮಾನದಲ್ಲಿ ಕಾಲು ಶತಮಾನದಷ್ಟು ಕಾಲ ಮೈಸೂರು ರಾಜ್ಯವನ್ನೆಲ್ಲ ಆಳಿತು. ಆಳಿಯೂ ಸಿಂಹಾಸನವನ್ನು ಏರಲಿಲ್ಲ. ಈ ವೈಚಿತ್ರ್ಯವನ್ನು ಚರಿತ್ರಕಾರರು ದಳವಾಯಿಗಳ ದುರಾಶೆಯೆಂದು ಒಂದು ಮಾತಿನಲ್ಲಿ ಮುಗಿಸಿಬಿಡುವುದುಂಟು. ಅಷ್ಟರಿಂದ ವಿಷಯವು ಮುಗಿಯುವುದಿಲ್ಲವೆಂದೂ, ಇದಕ್ಕೆ ಅಲಂಕಾರಶಾಸ್ತ್ರದ ಒಂದು ಗ್ರಂಥವು ಅನಿರೀಕ್ಷಿತವಾದ ಸಾಕ್ಷ್ಯವನ್ನು ಒದಗಿಸುತ್ತದೆಂದೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ನಂಜನಗೂಡಿನಿಂದ ಕಪಿಲೆಯ ಹರಿವನ್ನು ಅನುಸರಿಸಿ ಹೋದರೆ ತಿರುಮಕೂಡಲು ನರಸೀಪುರದಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ವಿಜಯನಗರದ ಪ್ರಭುತ್ವವು ಇಳಿಮುಖವಾಗಿದ್ದ ಕಾಲದಲ್ಲಿ ಈ ಎರಡು ತೀರ್ಥಗಳ ಆಸುಪಾಸಿನ ನೆಲವು ಹಲವು ಸಣ್ಣ ಅರಸುಮನೆಗಳ ನೆಲವಾಗಿತ್ತು. ತೆಂಕಣ ಭಾಗದಲ್ಲಿ ಉಮ್ಮತ್ತೂರಿನವರು ಪ್ರಬಲರು. ಕೃಷ್ಣದೇವರಾಯನು ಪಟ್ಟವೇರಿದೊಡನೆ ಇವರ ಮೇಲೆಯೇ ದಂಡೆತ್ತಿ ಬಂದು ಗಂಗರಾಜನನ್ನು ಶಿವನಸಮುದ್ರದಲ್ಲಿ ಮುರಿಯಬೇಕಾಯಿತು. ಹದಿನಾಡು ಮೈಸೂರೊಡೆಯರ ಮೂಲಸ್ಥಾನವೆಂದು ಪ್ರತೀತಿಯುಳ್ಳದ್ದು. ದ್ವಾರಕೆಯಿಂದ ಬಂದ ಇಬ್ಬರು ಯಾದವ ಸೋದರರು ಕಾರುಗಹಳ್ಳಿಯ ಪಾಳೆಯಗಾರನನ್ನು ಕೊಂದು ಹದಿನಾಡಿನ ಕನ್ಯೆಯನ್ನು ಉಳಿಸಿದರೆಂಬ 1399ರ ಕಥೆಯು ಎಲ್ಲರಿಗೂ ವಿದಿತವಾದದ್ದೇ. ಕಳಲೆಯ ವಂಶಾವಳಿಯನ್ನು ತೆರೆದರೆ ಅಲ್ಲಿಯೂ ದ್ವಾರಕೆ, ಅಲ್ಲಿಯೂ ಯಾದವರು, ಅಲ್ಲಿಯೂ ಇಬ್ಬರು ಸೋದರರು! ವಂಶಾವಳಿಗಳು ಒಂದನ್ನೊಂದು ನೋಡಿ ಬರೆದುಕೊಳ್ಳುವುದು ನಮ್ಮ ದೇಶದಲ್ಲಿ ಹೊಸತಲ್ಲ. ಇದರಿಂದ ದ್ವಾರಕೆಯ ವಿಷಯವಾಗಿ ಏನೂ ಸಿದ್ಧಿಸದಿದ್ದರೂ, ಕಳಲೆಯವರು ತಮ್ಮನ್ನು ಮೈಸೂರಿನವರಿಗೆ ಸಮಾನರೆಂದು ಎಣಿಸಿದ್ದರೆಂಬುದು ಮಾತ್ರ ಸಿದ್ಧಿಸುತ್ತದೆ. ಎರಡು ಮನೆಗಳಿಗೂ ಹೆಣ್ಣು ಕೊಟ್ಟು ತರುವ ಸಂಬಂಧವು ಇದ್ದದ್ದರಿಂದ ಆ ಎಣಿಕೆಯು ನಿರಾಧಾರವೂ ಅಲ್ಲ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈಕೊಂಡರು. ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನು ತಲಕಾಡಿಗೆ ಸರಿದನು. ಅಲಮೇಲಮ್ಮನ ಶಾಪದ ಕಥೆಯು ಹುಟ್ಟಿಕೊಂಡದ್ದು ಈ ಸಂದರ್ಭದಲ್ಲಿಯೇ. ಅದನ್ನು ಇಲ್ಲಿ ವಿಸ್ತರಿಸುವ ಪ್ರಯೋಜನವಿಲ್ಲ. ಮುಖ್ಯವಾದದ್ದೇನೆಂದರೆ, ಸಮಾನರಾಗಿದ್ದ ನೆರೆಯ ಅರಸುಗಳ ನಡುವೆ ಮೈಸೂರು ಒಮ್ಮೆಗೇ ದೊಡ್ಡದಾಯಿತು. ಉಮ್ಮತ್ತೂರಿನ ನೆಲವು ರಾಜ ಒಡೆಯರ ಕಾಲದಲ್ಲಿಯೇ ಮೈಸೂರಿಗೆ ಸೇರಿಹೋಯಿತು. ಉಳಿದ ಸಣ್ಣ ಅರಸರ ಮುಂದೆ ಇದ್ದ ದಾರಿಗಳು ಎರಡೇ: ಕಾದಿ ಅಳಿಯುವುದು, ಇಲ್ಲವೇ ಕಪ್ಪವನ್ನೊಪ್ಪಿ ಬಾಳುವುದು. ಕಳಲೆಯ ಕರಿಕಾಲ ಮಲ್ಲರಾಜಯ್ಯನು ಮೂರನೆಯದೊಂದನ್ನು ಕಂಡುಕೊಂಡನು. 1614ರಲ್ಲಿ ಅವನಿಗೂ ರಾಜ ಒಡೆಯರಿಗೂ ಭಾಷೆಯಾಯಿತು. ಮೈಸೂರಿನ ದೊರೆತನವು ಒಡೆಯರ ಸಂತತಿಗೆ, ದಳವಾಯಿತನವು ಕಳಲೆಯ ಮನೆಗೆ ಎಂಬುದು ಆ ಒಡಂಬಡಿಕೆಯ ಸಾರ. ನೆಲವನ್ನು ಬಿಟ್ಟು ಪದವಿಯನ್ನು ಹಿಡಿದಂತಾಯಿತು.

ಇದಕ್ಕೆ ನೇರವಾಗಿ ವಿಪರ್ಯಯವಾದ ಒಂದು ನಿದರ್ಶನವು ಯೂರೋಪು ಖಂಡದಲ್ಲಿ ದೊರೆಯುತ್ತದೆ. ಲೀಖ್ಟೆನ್‌ಸ್ಟೈನ್ ಎಂಬ ಮನೆತನದವರು ವಿಯೆನ್ನಾ ನಗರದ ಚಕ್ರವರ್ತಿಯ ಆಸ್ಥಾನದಲ್ಲಿ ಐಶ್ವರ್ಯವಂತರಾದ ಅಧಿಕಾರಿಗಳಾಗಿದ್ದರು. ಪದವಿಯಿತ್ತು, ಧನವಿತ್ತು, ಸಾಮ್ರಾಜ್ಯದ ಸಭೆಯಲ್ಲಿ ಪ್ರಭುಗಳ ಸಾಲಿನಲ್ಲಿ ಕುಳಿತುಕೊಳ್ಳಲು ಬೇಕಾದಂಥ, ಚಕ್ರವರ್ತಿಗೆ ನೇರವಾಗಿ ಅಧೀನವಾದ ನೆಲ ಮಾತ್ರ ಇರಲಿಲ್ಲ. ಆದ್ದರಿಂದ 1699ರಲ್ಲಿ ಶೆಲ್ಲೆನ್‌ಬರ್ಗ್ ಎಂಬ ಸೀಮೆಯನ್ನೂ 1712ರಲ್ಲಿ ವಾಡುಟ್ಸ್ ಎಂಬುದನ್ನೂ ಹಣ ಕೊಟ್ಟು ಕೊಂಡರು. 1719ರಲ್ಲಿ ಚಕ್ರವರ್ತಿಯು ಇವೆರಡನ್ನೂ ಕೂಡಿಸಿ ಆ ಮನೆತನದ ಹೆಸರಿನಿಂದಲೇ ಸಂಸ್ಥಾನವಾಗಿ ಮಾಡಿದನು. ಕೊಂಡ ನೆಲದಲ್ಲಿ ವಾಸಮಾಡುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಆಳುವ ಪ್ರಭುವು ಅಲ್ಲಿ ಬಂದು ನೆಲಸಿದ್ದು 1938ರಲ್ಲಿ. ಅಂದಿನ ಚಕ್ರಾಧಿಪತ್ಯವು ಅಳಿದು ಹೋಗಿದೆ. ಆ ಪುಟ್ಟ ಸಂಸ್ಥಾನವೂ ಅದರ ಮನೆತನವೂ ಇಂದಿಗೂ ಉಳಿದಿವೆ. ಅವರು ಪದವಿಯಿಂದ ನೆಲಕ್ಕೆ ಬಂದರು, ಕಳಲೆಯವರು ನೆಲದಿಂದ ಪದವಿಗೆ ಹೋದರು. ಇದರ ಫಲವು ಮುಂದೆ ವ್ಯಕ್ತವಾಗುತ್ತದೆ.

ಒಡಂಬಡಿಕೆಯಾದ ಮಾತ್ರದಿಂದ ದಳವಾಯಿತನವು ಕಳಲೆಯವರ ಕೈಯಲ್ಲಿಯೇ ಅವಿಚ್ಛಿನ್ನವಾಗಿ ನಿಲ್ಲಲಿಲ್ಲ. ಎರಡನೆಯ ರಾಜ ಒಡೆಯರಿಗೆ ವಿಷವಿಕ್ಕಿಸಿದನೆಂದು ಹೇಳಲ್ಪಡುವ ವಿಕ್ರಮರಾಯನು ಈ ಮನೆಯವನಲ್ಲ. ಅವನನ್ನು ನಿಗ್ರಹಿಸಿ ಆಳತೊಡಗಿದ ಕಂಠೀರವ ನರಸರಾಜ ಒಡೆಯರು (1638–1659) ದಳವಾಯಿಗಳನ್ನು ಮೇಲಿಂದ ಮೇಲೆ ಬದಲಾಯಿಸುತ್ತಿದ್ದರು. ಆ ಪದವಿಯ ವಿಷವನ್ನು ಅವರು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಳಲೆಯ ಕುಮಾರಯ್ಯನು ದಳವಾಯಿಯಾಗಿದ್ದು, ತಿರುಚಿರಾಪಳ್ಳಿಯನ್ನು ಹಿಡಿಯದೆ ದೊರೆಗೆ ಮುಖ ತೋರಿಸುವುದಿಲ್ಲವೆಂದು ಪ್ರತಿಜ್ಞೆಮಾಡಿ ಹೋಗಿ ವಿಫಲನಾದನು. ತಿರುಚಿರಾಪಳ್ಳಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಸಮರ್ಥನಾದ ದೊರೆಯಿರುವವರೆಗೆ ದಳವಾಯಿಯು ಸೇವಕನೇ. 1704ರಲ್ಲಿ ಚಿಕ್ಕದೇವರಾಜರು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದವರು ಮೂಕರಾದ ಕಂಠೀರವರು. ಅವರ ಅನಂತರ ದೊಡ್ಡ ಕೃಷ್ಣರಾಜರು. ಅಧಿಕಾರವು ಅರಮನೆಯಿಂದ ದಳವಾಯಿಯ ಮನೆಗೆ ಸದ್ದಿಲ್ಲದೆ ಹರಿದುಹೋಯಿತು.

1732ರಲ್ಲಿ ದೊಡ್ಡ ಕೃಷ್ಣರಾಜರು ನಿಸ್ಸಂತಾನರಾಗಿ ತೀರಿಕೊಳ್ಳಲು ಚಾಮರಾಜ ಒಡೆಯರೆಂಬವರನ್ನು ದತ್ತು ತಂದು ಪಟ್ಟಕಟ್ಟಿದರು. ಅವರು ಸ್ವತಂತ್ರರಾಗಲು ಯತ್ನಿಸಿದ್ದರ ಫಲವಾಗಿ 1734ರಲ್ಲಿ ಕಬ್ಬಾಳದುರ್ಗದ ಸೆರೆಯನ್ನು ಸೇರಿ ಅಲ್ಲಿಯೇ ಮಡಿದರು. ಅವರ ಸ್ಥಾನದಲ್ಲಿ ಬಾಲಕರಾದ ಇಮ್ಮಡಿ ಕೃಷ್ಣರಾಜರನ್ನು ಕುಳ್ಳಿರಿಸಿದರು. ಇಲ್ಲಿಂದ ಮುಂದೆ ದಳವಾಯಿ ದೇವರಾಜಯ್ಯನೂ ಸರ್ವಾಧಿಕಾರಿ ನಂಜರಾಜಯ್ಯನೂ ನಿಜವಾದ ಪ್ರಭುಗಳು. ಸಾಹಿತ್ಯಚರಿತ್ರೆಯನ್ನು ಬೋಧಿಸುವವರು ಇಲ್ಲಿ ಒಂದು ಎಚ್ಚರಿಕೆಯನ್ನು ವಹಿಸಬೇಕು. ನಂಜರಾಜಯ್ಯರು ಇಬ್ಬರು. ಮೊದಲ ಸರ್ವಾಧಿಕಾರಿಯು ದೇವರಾಜಯ್ಯನ ದಾಯಾದಿ; ಅವನು ತೀರಿಕೊಂಡ ಬಳಿಕ ಆ ಪದವಿಗೆ ಬಂದವನು ದೇವರಾಜಯ್ಯನ ತಮ್ಮನೂ ವೀರರಾಜಯ್ಯನ ಮಗನೂ ಆದ ಕರಾಚೂರಿ ನಂಜರಾಜಯ್ಯ. ಗ್ರಂಥಗಳೆಲ್ಲವೂ ಈ ಎರಡನೆಯವನಿಗೆ ಸೇರಿದವು. ತಂದೆಯಾದ ವೀರರಾಜಯ್ಯನೂ ಗ್ರಂಥಕರ್ತನೇ. ವೈದ್ಯದ ಮೇಲಿನ ಸಕಲವೈದ್ಯಸಂಹಿತಾಸಾರಾರ್ಣವವು ಅವನದು. ನಂಜರಾಜಯ್ಯನು ಮುಂದೆ ತನ್ನ ಮಗಳನ್ನು ಕೃಷ್ಣರಾಜರಿಗೆ ಕೊಟ್ಟು ದೊರೆಗೆ ಮಾವನೂ ಆದನು.

ಅಣ್ಣನಾದ ದೇವರಾಜಯ್ಯನ ಆಳಿಕೆಯಲ್ಲಿ ಮೆಚ್ಚತಕ್ಕ ಅಂಶಗಳು ಇಲ್ಲದೆ ಇಲ್ಲ. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ ಕಟ್ಟಿರುವ ಹಳೆಯ ಕಲ್ಲುಸೇತುವೆಯು 1735ರಲ್ಲಿ ಅವನು ಕಟ್ಟಿಸಿದ್ದು. ಮುಂದೆ ರೈಲುಹಳಿಯನ್ನೂ ಹೊತ್ತು ಬಹುಕಾಲ ದುಡಿದ ಆ ಸೇತುವೆಯು ಹೊಸದೊಂದು ಬಂದ ಮೇಲೆ ಈಗ ವಿಶ್ರಾಂತಿಯನ್ನು ಪಡೆದಿದೆ. 1737ರಲ್ಲಿ ಆರ್ಕಾಟಿನ ದಂಡು ಬಂದಾಗ ಕೈಲಾಂಚದಲ್ಲಿ ಅದನ್ನು ಮುರಿದವನೂ ಅವನೇ.

ತಮ್ಮನ ವಿಷಯವು ಬೇರೆ. ಕನ್ನಡದಲ್ಲಿ ಕಕುದ್ಗಿರಿಮಾಹಾತ್ಮ್ಯ, ಶಿವಭಕ್ತಿವಿಲಾಸ, ಹಾಲಾಸ್ಯಮಾಹಾತ್ಮ್ಯ ಮೊದಲಾಗಿ ಹಲವು ಕೃತಿಗಳು, ಸಂಸ್ಕೃತದಲ್ಲಿ ಗೀತಗೋವಿಂದದ ಮಾರ್ಗವನ್ನು ಶಿವಪರವಾಗಿ ತಿರುಗಿಸಿದ ಸಂಗೀತಗಂಗಾಧರ ಇವೆಲ್ಲ ಅವನ ಹೆಸರಿನಲ್ಲಿವೆ. ನಂಜನಗೂಡಿಗೆ ಗರಳಪುರಿಯೆಂಬ ಸಂಸ್ಕೃತನಾಮವುಂಟಷ್ಟೆ. ಆ ಕ್ಷೇತ್ರದ ಮಹಿಮೆಯನ್ನೂ ಅವನು ಕನ್ನಡಕ್ಕೆ ತಂದನು. ರಾಜ್ಯಭಾರದ ನಡುವೆ ಒಬ್ಬನೇ ಇಷ್ಟನ್ನೂ ಬರೆದನೆಂದು ನಂಬುವುದು ಕಷ್ಟ. ಆಸ್ಥಾನಪಂಡಿತರ ಕೈವಾಡವನ್ನು ಅಲ್ಲಗಳೆಯಲಾಗದು. ಆದರೆ ಯಾವ ಗ್ರಂಥವನ್ನು ಕನ್ನಡಿಸಬೇಕೆಂಬ ಆಯ್ಕೆಯಲ್ಲಿ ಒಬ್ಬನೇ ಶಿವಭಕ್ತನ ಮನಸ್ಸು ಕಾಣುತ್ತದೆ. ಚಂಪುವಿನ ಪ್ರೌಢಿಗೆ ಹೋಗದೆ ಗದ್ಯದಲ್ಲಿ ಪುರಾಣಗಳನ್ನು ಹೇಳಿಸಿದ್ದೂ ಸಾಮಾನ್ಯವಾದ ಉಪಕಾರವಲ್ಲ.

ಈಗ ಪ್ರಸ್ತುತವಾದ ಗ್ರಂಥಕ್ಕೆ ಬರೋಣ. ಅವನ ಆಶ್ರಿತನಾಗಿ ಅಭಿನವಕಾಳಿದಾಸನೆಂಬ ಬಿರುದನ್ನು ಧರಿಸಿದ್ದ ನರಸಿಂಹಕವಿಯು ರಚಿಸಿದ ನಂಜರಾಜಯಶೋಭೂಷಣವು ಏಳು ವಿಲಾಸಗಳ ಅಲಂಕಾರಗ್ರಂಥ. 1930ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಯಿತು. ವಿದ್ಯಾನಾಥನ ಪ್ರತಾಪರುದ್ರೀಯವೇ ಇದಕ್ಕೆ ಮಾದರಿಯೆಂಬುದು ಪುಟಪುಟದಲ್ಲಿಯೂ ಸ್ಪಷ್ಟ. ಅಲ್ಲಿ ಉದಾಹರಣಪದ್ಯಗಳಿಗೆಲ್ಲ ಓರುಗಲ್ಲಿನ ಕಾಕತೀಯ ಪ್ರತಾಪರುದ್ರನು ನಾಯಕನಾದರೆ ಇಲ್ಲಿ ನಂಜರಾಜನು ನಾಯಕ. ಆದ್ದರಿಂದ ಪಂಡಿತರು ಇದನ್ನು ಅನುಕರಣವೆಂದು ಬದಿಗಿಟ್ಟಿದ್ದಾರೆ. ಪಾಠಶಾಲೆಗಳಲ್ಲಿ ಪ್ರತಾಪರುದ್ರೀಯವನ್ನು ಓದಿದವರಿಗೆ ಇದನ್ನು ಓದುವ ಅಗತ್ಯವು ತೋರಿಲ್ಲ.

ಶಾಸ್ತ್ರದೃಷ್ಟಿಯಿಂದ ಈ ತೀರ್ಪು ಸರಿಯಿರಬಹುದು. ಚರಿತ್ರದೃಷ್ಟಿಯಿಂದ ಸರಿಯಲ್ಲ. ಪ್ರತಾಪರುದ್ರನು ಮೂರ್ಧಾಭಿಷಿಕ್ತನಾದ ಅರಸು, ನಂಜರಾಜನು ಅಲ್ಲ. ನಾಯಕನಿಗೆ ವಿದ್ಯಾನಾಥನು ವಿಧಿಸಿದ ಗುಣಗಳಲ್ಲಿ ಮಹಾಕುಲೀನತೆಯು ಮೊದಲನೆಯದು. ಅಭಿಷೇಕವು ಅಲ್ಲಿ ಗುಣವಾಗಿ ಎಣಿಕೆಗೊಂಡಿಲ್ಲ. ಕಳಲೆಯ ಯಾದವವಂಶದ ಕಥೆಯಿಂದ ಕುಲೀನತೆಯು ಹೇಗೋ ಹೊಂದಿಕೊಳ್ಳುತ್ತದೆ. ಇಲ್ಲಿಯವರೆಗೆ ಕವಿಗೆ ಅಡ್ಡಿಯಿಲ್ಲ. ಆದರೆ ಆರನೆಯ ವಿಲಾಸದಲ್ಲಿ ರೂಪಕಲಕ್ಷಣಕ್ಕೆ ಉದಾಹರಣವಾಗಿ ಅವನು ಚಂದ್ರಕಲಾಕಲ್ಯಾಣವೆಂಬ ಒಂದು ನಾಟಕವನ್ನೇ ಬರೆದು ಸೇರಿಸಿದ್ದಾನೆ. ಅದಕ್ಕೂ ನಂಜರಾಜನೇ ನಾಯಕ. ದಶರೂಪಕವನ್ನು ಬಲ್ಲವರು ಇಲ್ಲಿ ನಿಲ್ಲಲೇಬೇಕು. ನಾಟಕಕ್ಕೆ ಪ್ರಖ್ಯಾತವಂಶದ ರಾಜರ್ಷಿಯಾಗಲಿ ದಿವ್ಯನಾಗಲಿ ನಾಯಕನಾಗಬೇಕೆಂದು ಧನಂಜಯನ ನಿಯಮ. ಅಮಾತ್ಯನನ್ನು ಅವನು ವಿಪ್ರ ವಣಿಜರೊಡನೆ ಪ್ರಕರಣದ ನಾಯಕನನ್ನಾಗಿ ಹೇಳಿದ್ದಾನೆ. ಸರ್ವಾಧಿಕಾರಿಯು ಅಮಾತ್ಯನಾಗಿದ್ದರೆ ನರಸಿಂಹಕವಿಯು ಪ್ರಕರಣವನ್ನು ಬರೆಯಬೇಕಾಗಿತ್ತು. ನಾಟಕವನ್ನು ಬರೆದದ್ದರಿಂದ ಅವನು ತನ್ನ ಪ್ರಭುವಿಗೆ ರಂಗದ ಮೇಲೆ ಪಟ್ಟಕಟ್ಟಿದಂತಾಯಿತು.

ಮಾದರಿಯಲ್ಲಿ ನಾಟಕವಿದ್ದುದರಿಂದ ಇಲ್ಲಿಯೂ ನಾಟಕವು ಬಂದಿತೆಂದು ಕೆಲವರು ಆಕ್ಷೇಪಿಸಬಹುದು. ಅನುಕರಣವೇ ಉದ್ದೇಶವಾಗಿದ್ದರೆ ಶ್ರೀರಂಗಪಟ್ಟಣದಲ್ಲಿ ಸಿಂಹಾಸನಾರೂಢರಾದ ಕೃಷ್ಣರಾಜರು ಇದ್ದೇ ಇದ್ದರು. ಅವರನ್ನು ನಾಯಕರನ್ನಾಗಿ ಮಾಡಿದ್ದರೆ ಲಕ್ಷಣಕ್ಕೂ ಲಕ್ಷ್ಯಕ್ಕೂ ಕೊಂಚವೂ ವಿರೋಧವಿರುತ್ತಿರಲಿಲ್ಲ. ಕವಿಯು ಹಾಗೆ ಮಾಡಲಿಲ್ಲ. ರಾಜನಿರುವಾಗ ಅವನನ್ನು ಬಿಟ್ಟು ಅಧಿಕಾರಿಯನ್ನು ನಾಟಕನಾಯಕನಾಗಿ ವರಿಸಿದ್ದು ಬರಿಯ ಮುಖಸ್ತುತಿಯಲ್ಲ. ರಾಜ್ಯದಲ್ಲಿ ಪ್ರಭುವಾರೆಂಬುದು ವಿದ್ವಾಂಸರ ಸಭೆಗೆ ಎಷ್ಟು ನಿಸ್ಸಂಶಯವಾಗಿತ್ತೆಂಬುದಕ್ಕೆ ಅದು ಪ್ರಮಾಣ. ಶಾಸನಗಳು ಒಡೆಯರ ಹೆಸರನ್ನು ಹೇಳುತ್ತಿದ್ದ ಕಾಲದಲ್ಲಿ ಅಲಂಕಾರಶಾಸ್ತ್ರವು ನಿಜವನ್ನು ನುಡಿಯಿತು.

ಆ ನಿಜವು ಬಹುಕಾಲ ಬಾಳಲಿಲ್ಲ. ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವೆನೆಂಬ ಮಹಮ್ಮದಾಲಿಯ ಮಾತನ್ನು ನಂಬಿ ನಂಜರಾಜಯ್ಯನು ಅವನ ನೆರವಿಗೆ ದಂಡನ್ನು ಕೊಂಡುಹೋದನು. ಮಾತು ತಪ್ಪಲು 1755ರವರೆಗೆ ಅಲ್ಲಿಯೇ ಹೋರಾಡಿ ಬರಿಗೈಯಲ್ಲಿ ಮರಳಿದನು. ಕುಮಾರಯ್ಯನನ್ನು ಮುರಿದ ಕೋಟೆಯೇ ಇವನನ್ನೂ ಮುರಿಯಿತು. ಅದೇ ವರ್ಷ ಸಲಾಬತ್‌ಜಂಗನು ಫ್ರೆಂಚರ ಬುಸ್ಸಿಯೊಡನೆ ಬಂದು 56 ಲಕ್ಷ ರೂಪಾಯಿಗಳನ್ನು ಬೇಡಿದಾಗ ದೇವಾಲಯಗಳ ಒಡವೆಗಳನ್ನು ತೆಗೆಯಬೇಕಾಯಿತು. 1757ರಲ್ಲಿ ಪೇಶ್ವೆಗೆ 32 ಲಕ್ಷಗಳನ್ನೊಪ್ಪಿ ತಾಲ್ಲೂಕುಗಳನ್ನೇ ಒತ್ತೆಯಿಟ್ಟರು. ಈ ನಡುವೆ 1756ರಲ್ಲಿ ಯುವಕರಾದ ಕೃಷ್ಣರಾಜರು ಬಿಡುಗಡೆಗೆ ಯತ್ನಿಸಲು ನಂಜರಾಜಯ್ಯನು ಅರಮನೆಯ ಬಾಗಿಲಿಗೆ ಫಿರಂಗಿಗಳನ್ನು ತಿರುಗಿಸಿದನು. ಒಳಹೊಕ್ಕು ದೊರೆಯ ಕಣ್ಣಮುಂದೆಯೇ ಅವರ ಪಕ್ಷದವರ ಮೂಗು ಕಿವಿಗಳನ್ನು ಕೊಯ್ಯಿಸಿದನು. ಶಿವಭಕ್ತಿವಿಲಾಸವನ್ನು ಬರೆದ ಕೈ ಇದು! ಅವನ ಪಾಂಡಿತ್ಯವನ್ನು ಗೌರವಿಸುವ ನಾವು ಈ ಕೃತ್ಯವನ್ನು ಮರೆಮಾಚುವುದು ಯುಕ್ತವಲ್ಲ. ಒಡಹುಟ್ಟಿದ ದೇವರಾಜಯ್ಯನೇ ಇದನ್ನು ಸೈರಿಸದೆ ಸತ್ಯಮಂಗಲಕ್ಕೆ ಹೊರಟುಹೋದನು; 1758ರಲ್ಲಿ ರಾಜಿಯಾಗಿ ಹಿಂದಿರುಗಿದ ಕೆಲವು ದಿನಗಳಲ್ಲಿಯೇ ತೀರಿಕೊಂಡನು.

1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ನಂಜರಾಜಯ್ಯನು ಮೆಚ್ಚಿ ಮೇಲೆತ್ತಿದ ಕುದುರೆಸವಾರನೊಬ್ಬನಿದ್ದನು, ಅವನೇ ಹೈದರಾಲಿ. ಸಂಬಳ ಬಾಕಿಯಾಗಿ ಸೈನ್ಯವು ತಿರುಗಿಬಿದ್ದಾಗ ಅದನ್ನು ಸಮಾಧಾನಪಡಿಸಿದವನು ಅವನು. 1759ರಲ್ಲಿ ದೊಡ್ಡ ಕೃಷ್ಣರಾಜರ ರಾಣಿಯವರ ಪ್ರೇರಣೆಯಿಂದ ನಂಜರಾಜಯ್ಯನನ್ನು ಪದವಿಯಿಂದ ಇಳಿಸಿದವನೂ ಅವನೇ. ಆದ್ದರಿಂದ ಯಶೋಭೂಷಣದ ರಚನೆಯನ್ನು ಆ ವರ್ಷದಿಂದ ಈಚೆಗೆ ತರಲಾಗದು. ಮುಂದೆ ಖಂಡೇರಾಯನು ಹೈದರನ ಮೇಲೆಯೇ ತಿರುಗಿಬಿದ್ದು ನಂಜನಗೂಡಿನ ಬಳಿ ಅವನನ್ನು ಸೋಲಿಸಿದಾಗ, ಹೈದರನು ಕೋಣನೂರಿನಲ್ಲಿದ್ದ ತನ್ನ ಹಳೆಯ ಒಡೆಯನ ಬಳಿಗೆ ಹೋಗಿ ಕ್ಷಮೆಯನ್ನು ಯಾಚಿಸಿದನು. ನಂಜರಾಜಯ್ಯನು ನಂಬಿದನು. ಅವನ ಹೆಸರಿನ ಬಲದಿಂದ 1761ರಲ್ಲಿ ಹೈದರನು ಗೆದ್ದನು; ಗೆದ್ದ ಮೇಲೆ ಹೆಸರಿನ ಅಗತ್ಯವು ಉಳಿಯಲಿಲ್ಲ.

ಹೈದರನು ಒಡೆಯರ ರಾಜ್ಯವನ್ನು ಕಸಿದನೆಂದು ಹೇಳುವುದು ವಾಡಿಕೆ. ವಿಚಾರಿಸಿ ನೋಡಿದರೆ ಅವನು ಕಸಿದದ್ದು ಕಳಲೆಯವರ ಪದವಿಯನ್ನು. ದೊರೆಯು ಅರಮನೆಯಲ್ಲಿ, ದಂಡೂ ಬೊಕ್ಕಸವೂ ಮತ್ತೊಬ್ಬನ ಕೈಯಲ್ಲಿ ಎಂಬ ಪದ್ಧತಿಯನ್ನು 1734ರಲ್ಲಿಯೇ ಅವರು ನೆಲೆಗೊಳಿಸಿದ್ದರು. ಹೈದರನು ಸಿದ್ಧವಾಗಿದ್ದ ಪೀಠದಲ್ಲಿ ಕುಳಿತನು. ನೆಲವನ್ನು ಆಧರಿಸಿದ ಪ್ರಭುತ್ವವಾಗಿದ್ದರೆ ಸೋತವನಿಗೆ ಹಿಂದಿರುಗಲು ಒಂದು ಕೋಟೆ, ಕಾದಲು ಒಂದಷ್ಟು ಒಕ್ಕಲು ಇರುತ್ತಿತ್ತು. ಪದವಿಯೊಂದೇ ಆಧಾರವಾದವನಿಗೆ ಅದು ಹೋದ ದಿನ ಕಳಲೆಯೂ ಇರಲಿಲ್ಲ.

ಇಮ್ಮಡಿ ಕೃಷ್ಣರಾಜರು 1766ರಲ್ಲಿ ತೀರಿಕೊಂಡರು. ನಂಜರಾಜಯ್ಯನು ಹೈದರನ ಸೆರೆಯಾಳಾಗಿ ಶ್ರೀರಂಗಪಟ್ಟಣದಲ್ಲಿ ಕಡೆಯ ವರ್ಷಗಳನ್ನು ಕಳೆದು 1773ರಲ್ಲಿ ಮೃತನಾದನು. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ ಅಧಿಕಾರವನ್ನು ವಹಿಸಿದ ಪೂರ್ಣಯ್ಯನು ದಿವಾನನೆನಿಸಿದನು. ದಳವಾಯಿಯ ಪದವಿಯನ್ನು ಮತ್ತೆ ಎತ್ತಲಿಲ್ಲ.